ಚಟ್ಟಿಯ ಮಲ್ಲಿಗೆ ಮಳೆಗಾಲ ದಾಟಿದ್ದು ಹೀಗೆ

ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ನೆಲದಲ್ಲೇ ಆಗಬೇಕು, ತಾರಸಿಯ ಚಟ್ಟಿಯಲ್ಲಿ, ಅಂದರೆ ಕುಂಡದಲ್ಲಿ, ಇಟ್ಟರೆ ಒಂದೇ ಮಳೆಗಾಲಕ್ಕೆ ಬುಡ ಕೊಳೆಯುತ್ತದೆ ಎಂದು ಹೇಳಿದವರೇ ಹೆಚ್ಚು. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಮೀರಿ ಮಳೆ ಸುರಿಯುವಾಗ ಆ ಭಯ ಸಹಜ. ಆದರೆ ಎಲೆಗೆ ಮಳೆ ಬಿದ್ದರೆ ಏನೂ ಆಗದು. ಬೇರಿನ ಸುತ್ತ ನೀರು ನಿಂತರೆ ಮಾತ್ರ ಗಿಡ ಹೋಯಿತು. ನನ್ನ 80 ಚಟ್ಟಿಗಳು ಈಗ ಮೂರು ಮಳೆಗಾಲ ಕಂಡಿವೆ. ಸತ್ತವು ಐದಾರು ಇರಬಹುದು.

ಮೊದಲು ಮಾಡಿದ್ದು ಪಾರದರ್ಶಕ ಶೀಟಿನ ಮಾಡು (ಚಾವಣಿ). ಕಬ್ಬಿಣ, ಕೂಲಿ ಸೇರಿ 60 ಸಾವಿರದ ಹತ್ತಿರ ಹೋಯಿತು. ಬುಡ ಕೊಳೆಯಲಿಲ್ಲ, ಹೂವೂ ಆಗಲಿಲ್ಲ. ಬಿಸಿಲು ಕಡಿಮೆಯಾಗಿ ಬಳ್ಳಿಯಂತೆ ಉದ್ದುದ್ದ ಚಿಗುರು ಬಂತು, ಅಷ್ಟೆ. ಬರೀ ತೆಂಗಿನ ನಾರಿನ ಹುಡಿ ತುಂಬಿದ ಚಟ್ಟಿಗಳಲ್ಲಿ ಆಗಸ್ಟ್ ಹೊತ್ತಿಗೆ ಬೇರು ಕಪ್ಪಾಗಿತ್ತು. ಆ ಹುಡಿ ಹಿಡಿದ ನೀರನ್ನು ಬಿಡುವುದೇ ಇಲ್ಲ.

ಈಗಿನ ಲೆಕ್ಕ: ಕೆಂಪು ಮಣ್ಣು ಎರಡು ಬುಟ್ಟಿ, ಸುಡುಮಣ್ಣು ಒಂದು, ಹಳೆಯ ಹಟ್ಟಿಗೊಬ್ಬರ ಒಂದು, ಚಟ್ಟಿಗೆ ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಹುಡಿ. ತಳದಲ್ಲಿ ನಾಲ್ಕು ಬೆರಳು ಹೆಂಚಿನ ಚೂರು. ತೂತು ತಳಕ್ಕಿಂತ ಪಕ್ಕದಲ್ಲಿ, ತಳದಿಂದ ಒಂದು ಇಂಚು ಮೇಲೆ ಇದ್ದರೆ ಬೇರು ಬಂದು ಮುಚ್ಚುವುದು ಕಡಿಮೆ. 40 ಲೀಟರಿನ ಚಟ್ಟಿ ನೆನೆದಾಗ 60 ಕೆ.ಜಿ. ಮೀರುತ್ತದೆ, ಆದ್ದರಿಂದ ಗೋಡೆ ಮತ್ತು ಬೀಮಿನ ಸಾಲಿನ ಮೇಲೆಯೇ ಇಡಬೇಕು, ಅಡಿಯಲ್ಲಿ ಇಟ್ಟಿಗೆ ಕೊಟ್ಟು.

ಮೇ ಕೊನೆಗೆ ಬುಡದಲ್ಲಿ ಮಣ್ಣು ಏರಿಸಿ, ಕಾಂಡಕ್ಕೆ ಅರ್ಧ ಅಡಿವರೆಗೆ ಮೈಲುತುತ್ತು-ಸುಣ್ಣದ ಬೋರ್ಡೋ ಮುಲಾಮು ಹಚ್ಚಿ, ಚಟ್ಟಿಯ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟುತ್ತೇನೆ. ಹಾಳೆ ಹೊರಕ್ಕೆ ಇಳಿಜಾರಾಗಿರಬೇಕು. ಕಾಂಡಕ್ಕೆ ಬಿಗಿದು ಕಟ್ಟಿದರೆ ಅಲ್ಲೇ ನೀರು ನಿಂತು ಸಿಪ್ಪೆ ಕೊಳೆಯುತ್ತದೆ, ಎರಡು ಬೆರಳು ಜಾಗ ಬೇಕು. ಎರಡು ದಿನ ಬಿಸಿಲು ಬಂದರೆ ಹಾಳೆ ಎತ್ತಿ ಗಾಳಿ ಆಡಿಸಬೇಕು. ಒಂದು ಚಟ್ಟಿಗೆ ಹಾಳೆ, ದಾರ ಸೇರಿ 10-12 ರೂಪಾಯಿ! ಮಾಡಿಗೆ ಸುರಿದ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊಗ್ಗನ್ನು ಕೆಂಪಗೆ ಮಾಡಿ ಒಣಗಿಸುವ ನೊಣದ ಹುಳು ಮಣ್ಣಿಗೆ ಬಿದ್ದು ಕೋಶ ಕಟ್ಟುವುದೂ ಹಾಳೆಯಿಂದ ತಪ್ಪಿತು. ಅದಕ್ಕೇ ಕೆಲವು ಚಟ್ಟಿಗೆ ಬೇಸಿಗೆಯಲ್ಲೂ ಹಾಕಿ ನೋಡಿದೆ; ಮಣ್ಣು ಕಾದು ಎಲೆ ಬಾಡಿತು, ಬೇಡ.

ಸೆಪ್ಟೆಂಬರ್ ಕೊನೆಗೆ ಹಾಳೆ ತೆಗೆದು ಗೆಲ್ಲು ಕಡಿಯುವುದು. ಒಂದೂವರೆ ಅಡಿ ಉಳಿಸಿ, ಎಲೆ ಪೂರ್ತಿ ಕೀಳಬೇಕು. ಎಲ್ಲವನ್ನೂ ಒಂದೇ ದಿನ ಕಡಿದರೆ ಹೂವೂ ಒಟ್ಟಿಗೆ ಬಂದು ಒಟ್ಟಿಗೆ ನಿಲ್ಲುತ್ತದೆ. ಮೂರು ಪಾಲು ಮಾಡಿ ಹತ್ತು ದಿನಕ್ಕೊಂದು ಪಾಲು ಕಡಿದರೆ ನವೆಂಬರ್ ನಡುವಿನಿಂದ ಹೂ ನಿಲ್ಲದೆ ಸಿಗುತ್ತದೆ. ಹೂ ಕೊಯ್ದ ತುದಿಯನ್ನು ಎರಡು ಜೊತೆ ಎಲೆ ಸಮೇತ ಚಿವುಟಿದರೆ ತಿಂಗಳೊಳಗೆ ಮತ್ತೆ ಮೊಗ್ಗು.

ನೆಲಗಡಲೆ ಹಿಂಡಿ ಒಂದು ಕೆ.ಜಿ.ಯನ್ನು ಹತ್ತು ಲೀಟರಿನಲ್ಲಿ ನಾಲ್ಕು ದಿನ ಕೊಳೆಸಿ, ಒಂದಕ್ಕೆ ಹತ್ತು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಚಟ್ಟಿಗೆ ಒಂದು ಲೀಟರು. ಹೆಚ್ಚಾದರೆ ಎಲೆ ಕಡು ಹಸಿರಾಗಿ ಮೊಗ್ಗು ನಿಲ್ಲುತ್ತದೆ. ನಡುವೆ ಒಂದು ಹಿಡಿ ಬೂದಿ. ಹಿಂಡಿಯ ಜೊತೆ ನಾನು ಕೊಳೆಸುವ ಇನ್ನೊಂದು ವಸ್ತು ಇದೆ, ಅದು ಸದ್ಯ ನನ್ನಲ್ಲೇ ಇರಲಿ. ಚಳಿಯಲ್ಲಿ ರಾತ್ರಿ ಎಲ್‌ಇಡಿ ದೀಪ ಉರಿಸಿಯೂ ನೋಡಿದೆ, ಒಂದು ಮೊಗ್ಗೂ ಹೆಚ್ಚಾಗಲಿಲ್ಲ.

ದರದ ಮಾತು. ಏಪ್ರಿಲ್-ಮೇಯಲ್ಲಿ ದಿನಕ್ಕೆ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು, 3200 ಮೊಗ್ಗಿನಷ್ಟು ಆಗುತ್ತದೆ. ಆಗ ಎಲ್ಲರಲ್ಲೂ ಹೂವಿರುವುದರಿಂದ ಅಟ್ಟೆಗೆ 200-300 ರೂಪಾಯಿಗೂ ಇಳಿದದ್ದಿದೆ. ಡಿಸೆಂಬರ್-ಜನವರಿಯಲ್ಲಿ ನನಗೆ ಸಿಗುವುದು ಒಂದು ಚೆಂಡು, ಒಮ್ಮೊಮ್ಮೆ ಎರಡು. ಆದರೆ ಅಟ್ಟೆ 2000 ದಾಟಿದ ದಿನಗಳು ಬರುವುದು ಆಗಲೇ. ಗೊಬ್ಬರ, ಔಷಧ ಕಳೆದು ವರ್ಷಕ್ಕೆ 40 ಸಾವಿರದ ಆಸುಪಾಸು ಉಳಿದಿದೆ, ಅರ್ಧಕ್ಕಿಂತ ಹೆಚ್ಚು ಆ ಚಳಿ ತಿಂಗಳುಗಳದ್ದೇ. ಬೆಳಗ್ಗೆ ಬೇಗ ಕೊಯ್ದು ಬಾಳೆನಾರಿನಲ್ಲಿ ಕಟ್ಟುವ ಮನೆಯವರ ಕೂಲಿಯನ್ನು ಇದರಲ್ಲಿ ಹಿಡಿದಿಲ್ಲ. ಕೂಲಿ ಕೊಟ್ಟು ಕಟ್ಟಿಸುವವರಿಗೆ 80 ಚಟ್ಟಿಯಲ್ಲಿ ಗಿಟ್ಟದು.