ರಾತ್ರಿ ನೀರಿನಲ್ಲಿ ಹೊಳೆಯುವ ಕೊಯಿ ಮೀನು: ಮೊದಲು ಕತ್ತಲೆ ಬರೆಯಿರಿ

ಎಣ್ಣೆ ಬಣ್ಣದಲ್ಲಿ ಕೊಯಿ ಮೀನು (ಕೊಳದಲ್ಲಿ ಸಾಕುವ ಜಪಾನಿನ ಬಣ್ಣದ ಮೀನು) ಬರೆಯಬೇಕು ಅಂದ ಕೂಡಲೇ ಕಿತ್ತಳೆ ಟ್ಯೂಬಿಗೆ ಕೈ ಹಾಕಬೇಡಿ. ನೀವು ಬೀದರಿನವರಾದರೆ ಮೊದಲು ಬಿದರಿ ಕೆಲಸ ಮಾಡುವವರ ಹತ್ತಿರ ಹೋಗಿ ಸುಮ್ನೆ ಕೂತು ನೋಡಿ. ಸತು-ತಾಮ್ರದ ಹೂಜಿಗೆ ಬೆಳ್ಳಿ ಎಳೆ ಕೂರಿಸಿ ಉಜ್ಜಿದಾಗ ಎಲ್ಲ ಒಂದೇ ಬಣ್ಣ, ಬೆಳ್ಳಿ ಎಲ್ಲಿದೆ ಅಂತಾನೇ ಸರಿಯಾಗಿ ಗೊತ್ತಾಗುವುದಿಲ್ಲ. ಕೋಟೆ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದ ಮೇಲೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿದು ಫಳಫಳ ಹೊಳೆಯುತ್ತದೆ. ರಾತ್ರಿಯ ಮೀನೂ ಹೀಗೇ.

ಅದಕ್ಕೇ ಕತ್ತಲೆಗೆ ಜಾಸ್ತಿ ಸಮಯ ಕೊಡಿ. ಬರೀ ಟ್ಯೂಬಿನ ಕಪ್ಪು ಹಚ್ಚಿದರೆ ನೀರು ಮಸಿ ಬಳಿದ ಗೋಡೆಯ ಹಾಗೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್ ಎರಡೂ ಕಲಸಿ, ನೀಲಿ ಸ್ವಲ್ಪ ಮುಂದಿರಲಿ. ಟರ್ಪೆಂಟೈನ್ ಹಾಕಿ ತೆಳುವಾಗಿ ಇಡೀ ಕ್ಯಾನ್ವಾಸಿಗೆ ಹಚ್ಚಿ, ಹಸಿ ಇರುವಾಗಲೇ ಮೀನು ಬರುವ ಜಾಗವನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಒಣಗಿದ ಮೇಲೆ ಮೀನಿನ ಸುತ್ತ ಅದೇ ಬಣ್ಣ ಇನ್ನೊಮ್ಮೆ, ಈ ಸಲ ದಟ್ಟವಾಗಿ.

ಮೀನನ್ನು ಮೇಲಿನಿಂದ ನೋಡಿದ ಹಾಗೆ ಬರೆಯಿರಿ. ಬೆನ್ನಿಗೆ ಒಂದೇ ಬಾಗು, ಎರಡೂ ಪಕ್ಕ ಬೀಸಣಿಕೆಯಂಥ ರೆಕ್ಕೆ, ಬಾಯಿಯ ಹತ್ತಿರ ಎರಡು ಜೊತೆ ಮೀಸೆ. ಮೀಸೆ ಮರೆತರೆ ಅದು ಗೋಲ್ಡ್ ಫಿಶ್ ಆಗಿಬಿಡುತ್ತದೆ! ಹುರುಪೆ ಒಂದೊಂದಾಗಿ ಬಿಡಿಸಬೇಡಿ, ಬೆಳಕು ಬಿದ್ದ ಕಡೆ ನಾಲ್ಕೈದು ಸಾಕು.

ಈಗಲೂ ಕಿತ್ತಳೆ ಬೇಡ. ಟೈಟಾನಿಯಂ ಬಿಳಿಗೆ ಆ ಕತ್ತಲೆ ಬಣ್ಣವನ್ನೇ ಚೂರು ಬೆರೆಸಿ, ಬೂದು ಛಾಯೆಗಳಲ್ಲೇ ಮೈ ಪೂರ್ತಿ ತುಂಬಿ ಒಣಗಲು ಬಿಡಿ. ಈ ಬಿಳಿ ನಿಧಾನಕ್ಕೆ ಒಣಗುತ್ತದೆ, ಮಳೆಗಾಲದಲ್ಲಿ ವಾರ ದಾಟಿದರೂ ಕೈಗೆ ಅಂಟುತ್ತಿದ್ದರೆ ಕಾಯಲೇಬೇಕು. ಕೆಂಪು ಧೂಳು ಕೂರದ ಹಾಗೆ ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ಓರೆಯಾಗಿ ನಿಲ್ಲಿಸಿ.

ಬಣ್ಣದ ಸರದಿ ಈಗ. ಕೊಹಾಕು ಜಾತಿಯ ಕೊಯಿ ಆದರೆ ಬಿಳಿ ಮೈ, ಕಿತ್ತಳೆ ಛಾಯೆಯ ಕೆಂಪು ಮಚ್ಚೆ. ಕ್ಯಾಡ್ಮಿಯಂ ಕಿತ್ತಳೆ ಕೆಳಗಿನ ಬೂದು ಛಾಯೆಯನ್ನು ಮುಚ್ಚಿಹಾಕುತ್ತದೆ, ಅದು ಬೇಡ. ಟ್ಯೂಬಿನ ಮೇಲೆ ಖಾಲಿ ಚೌಕದ ಗುರುತು ಇರುವ ಪಾರದರ್ಶಕ ಕಿತ್ತಳೆ ತಗೊಳ್ಳಿ. ಅದಕ್ಕೆ ಅಗಸೆ ಎಣ್ಣೆ ಸೇರಿಸಿ (ಅಡುಗೆಮನೆಯದ್ದಲ್ಲ, ಬಣ್ಣದ ಅಂಗಡಿಯದ್ದು) ಮಚ್ಚೆ ಬರುವ ಕಡೆ ತೆಳ್ಳಗೆ ಎಳೆಯಿರಿ. ಒಣಗಿದ ಮೇಲೆ ಮತ್ತೊಂದು ಪದರ. ಕೆಳಗಿನ ಬಿಳಿ ಆ ಕಿತ್ತಳೆಯೊಳಗಿಂದ ಇಣುಕಿದಾಗ ಮೀನಿನೊಳಗೆ ದೀಪ ಹಚ್ಚಿಟ್ಟ ಹಾಗೆ ಕಾಣುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟದ ಘಳಿಗೆ ಇದು.

ಕೊನೆಗೆ ಕಿತ್ತಳೆಗೆ ನೀರಿಗೆ ಹಚ್ಚಿದ ಆ ಕತ್ತಲೆ ಬಣ್ಣವನ್ನೇ ಬೆರೆಸಿ ಮಂಕು ಮಾಡಿ, ಒಣ ಬ್ರಷ್‌ನಿಂದ ಮೀನಿನ ಅಂಚು ದಾಟಿ ನೀರಿನೊಳಗೆ ಸ್ವಲ್ಪ ಹರಡಿ. ಅಪ್ಪಟ ಬಿಳಿ ಒಂದೇ ಕಡೆ, ನೆತ್ತಿಯ ಮೇಲೆ, ದಪ್ಪಗೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗೇ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವಿ.