ಬಿಲ್ಲಿನ ಮರವನ್ನು ಚಳಿಗಾಲ ದಾಟಿಸುವ ಬಗೆ

ಬಿಲ್ಲು ಮಾಡಲೆಂದು ಕಡಿದಿಟ್ಟ ಹಸಿಮರ ಚಳಿಗಾಲದಲ್ಲಿ ಹೆಚ್ಚಾಗಿ ಕೆಡುವುದು ಬೆಚ್ಚಗಿನ ಕೋಣೆಯಲ್ಲಿ. ಹೊರಗಿನ ತಣ್ಣನೆಯ ಗಾಳಿ ಒಳಗೆ ಬಂದು ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಶೇ. 30ಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ಅಂಥ ಗಾಳಿಗೆ ಮರದ ಮೇಲ್ಮೈ ಬೇಗ ಒಣಗಿ ಕುಗ್ಗಲು ಹವಣಿಸಿದರೆ, ಒಳಭಾಗ ನೀರು ತುಂಬಿಕೊಂಡು ಹಾಗೆಯೇ ಇರುತ್ತದೆ. ಈ ಎಳೆದಾಟದಲ್ಲಿ ಹರಿಯುವುದು ಮೇಲ್ಮೈ. ನಾನೊಮ್ಮೆ ದಿಮ್ಮಿಯಿಂದ ಸೀಳಿ ತೆಗೆದ ಒಳ್ಳೆಯ ಸೀಳೊಂದನ್ನು ಹೀಟರಿನ ಪಕ್ಕದ ಗೋಡೆಗೆ ಒರಗಿಸಿ ಮಲಗಿದ್ದೆ. ಬೆಳಗ್ಗೆ ನೋಡಿದಾಗ ತುದಿಯಿಂದ ಗೇಣುದ್ದಕ್ಕೆ, ಉಗುರು ತೂರುವಷ್ಟು ಅಗಲವಾಗಿ ಬಿರುಕು ಬಿಟ್ಟಿತ್ತು.

ಕಡಿದ ದಿನವೇ ಮಾಡಬೇಕಾದ ಕೆಲಸ ತುದಿಗಳನ್ನು ಮುಚ್ಚುವುದು. ಎಳೆಗಳು ಬಾಯಿ ತೆರೆದಿರುವ ತುದಿಯಿಂದ ನೀರು ಆರುವ ವೇಗ ಪಕ್ಕಗಳಿಗಿಂತ ಸುಮಾರು ಹತ್ತು ಹದಿನೈದು ಪಟ್ಟು ಹೆಚ್ಚು. ಆದ್ದರಿಂದ ಮರಗೆಲಸದ ಅಂಟು, ಕರಗಿಸಿದ ಮೇಣ ಅಥವಾ ದಪ್ಪ ಪೇಂಟ್, ಕೈಗೆ ಸಿಕ್ಕಿದ್ದನ್ನು ಎರಡು ಬಾರಿ ಬಳಿದು, ತುದಿಯಿಂದ ಒಂದೆರಡು ಅಂಗುಲ ಪಕ್ಕಕ್ಕೂ ಇಳಿಸಬೇಕು. ಎಷ್ಟು ಜಾಗ್ರತೆ ವಹಿಸಿದರೂ ತುದಿಯಲ್ಲಿ ಸಣ್ಣ ಬಿರುಕು ಬರುವುದುಂಟು. ಅದಕ್ಕಾಗಿಯೇ ಬಿಲ್ಲಿನ ಉದ್ದಕ್ಕಿಂತ ಅರ್ಧ ಅಡಿಯಾದರೂ ಹೆಚ್ಚು ಬಿಟ್ಟು ಕತ್ತರಿಸುವುದು ಜಾಣತನ.

ದಿಮ್ಮಿಯನ್ನು ಇಡಿಯಾಗಿ ಇಡಬಾರದು. ಮರವು ವಾರ್ಷಿಕ ಬಳೆಗಳ ಜಾಡಿನಲ್ಲಿ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು ಕುಗ್ಗುವುದರಿಂದ, ಇಡೀ ದಿಮ್ಮಿ ಎಲ್ಲಿಯಾದರೂ ಬಿರಿಯಲೇಬೇಕು. ಬೆಣೆ ಹೊಡೆದು ಎರಡು ಅಥವಾ ನಾಲ್ಕು ಸೀಳು ಮಾಡಿದರೆ ಆ ಒತ್ತಡ ತಗ್ಗುತ್ತದೆ.

ತೊಗಟೆಯ ವಿಚಾರ ಸ್ವಲ್ಪ ಸೂಕ್ಷ್ಮ. ಚಳಿಗಾಲದಲ್ಲಿ ಕಡಿದ ಮರದ ತೊಗಟೆ ಬಿಗಿಯಾಗಿ ಅಂಟಿರುತ್ತದೆ. ಅದನ್ನು ಉಳಿಸಿದರೆ ಬಿಲ್ಲಿನ ಬೆನ್ನಾಗುವ, ಅಂದರೆ ಬಿಲ್ಲುಗಾರನಿಂದ ಆಚೆಗೆ ಮುಖ ಮಾಡುವ, ಮೈ ನಿಧಾನವಾಗಿ ಒಣಗುತ್ತದೆ. ಆದರೆ ಬಿಸಿಲೇರುವ ಹೊತ್ತಿಗೆ ತೊಗಟೆಯಡಿಯ ಕೊರಕ ಹುಳುಗಳು ಎಚ್ಚರಗೊಳ್ಳುತ್ತವೆ. ಹಿಕರಿ, ಆಶ್‌ನಂಥ ಮರಗಳಲ್ಲಿ ತೊಗಟೆಯ ಕೆಳಗಿನ ಮೊದಲ ಬಳೆಯೇ ಬಿಲ್ಲಿನ ಬೆನ್ನಾಗುವುದರಿಂದ, ಹುಳು ತೋಡಿದ ಒಂದು ಗೀರು ಸಾಕು, ಇಡೀ ಸೀಳು ಸೌದೆಯಾಗಲು. ಹಾಗಾಗಿ ಚಳಿ ಮುಗಿಯುವ ಮುನ್ನವೇ ತೊಗಟೆ ತೆಗೆದು, ತಡಮಾಡದೆ ಬೆನ್ನಿಗೆ ಅರಗು ಅಥವಾ ವಾರ್ನಿಷ್ ಬಳಿಯಬೇಕು. ಓಸೇಜ್ ಆರೆಂಜ್ ಮರದಲ್ಲಿ ಬಿಳಿಯ ಹೊರಮರವನ್ನೂ ತೆಗೆದು ಚೇಗಿನ (ಒಳಗಿನ ಗಟ್ಟಿಮರದ) ಮೈಗೆ ಬಳಿಯುವುದು ವಾಡಿಕೆ. ಯೂ ಮರದಲ್ಲಿ ಮಾತ್ರ ಹೊರಮರವೇ ಬೆನ್ನಾಗುವುದರಿಂದ ಅದನ್ನು ಮುಟ್ಟಬಾರದು.

ಇಡುವ ಜಾಗಕ್ಕೆ ಮಾಡು ಇರಬೇಕು, ಗಾಳಿ ಆಡಬೇಕು, ಬೆಂಕಿಯಾಗಲಿ ಹೀಟರಾಗಲಿ ಇರಕೂಡದು. ಸೀಳುಗಳನ್ನು ನೆಲಕ್ಕೆ ತಾಗದಂತೆ ಅಡ್ಡಪಟ್ಟಿಗಳ ಮೇಲೆ ಮಲಗಿಸಿ, ಸಾಲುಗಳ ನಡುವೆ ಒಂದೇ ದಪ್ಪದ ರೀಪುಗಳನ್ನು ಒಂದರ ಮೇಲೊಂದು ನೇರವಾಗಿ ಬರುವಂತೆ ಇಡಬೇಕು. ರೀಪು ಅತ್ತಿತ್ತ ಸರಿದರೆ ಸೀಳು ಬಾಗಿಯೇ ಒಣಗುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಬೂಷ್ಟು ಖಂಡಿತ. ಹಳೆಯ ಸೌದೆ ರಾಶಿಯ ನೆರೆಯೂ ಬೇಡ, ಹುಳುಗಳಿಗೆ ಅದೇ ತವರು.

ಒಣಗಿದೆಯೋ ಇಲ್ಲವೋ ಎಂಬುದನ್ನು ಕೈಯಂದಾಜಿಗೆ ಬಿಡದೆ ತೂಕದಿಂದ ತಿಳಿಯಬೇಕು. ಪ್ರತಿ ಸೀಳಿನ ಹೊಟ್ಟೆಯ ಕಡೆ, ಅಂದರೆ ಬೆನ್ನಿನ ಎದುರು ಮೈಯಲ್ಲಿ, ಪೆನ್ಸಿಲಿನಿಂದ ದಿನಾಂಕ ಮತ್ತು ತೂಕವನ್ನು ಬರೆದು, ಹದಿನೈದು ದಿನಕ್ಕೊಮ್ಮೆ ತೂಗಿ ಕೆಳಗೆ ಸೇರಿಸುತ್ತ ಹೋಗಿ. ಅಂಕಿ ಇಳಿಯುವುದು ನಿಂತಿತೆಂದರೆ ಮರ ಆ ಶೆಡ್ಡಿನ ಗಾಳಿಗೆ ಹೊಂದಿಕೊಂಡಿದೆ ಎಂದಷ್ಟೇ ಅರ್ಥ. ಆರ್ದ್ರತೆ ಶೇ. 80ರ ಆಸುಪಾಸಿನಲ್ಲಿರುವ ಶೆಡ್ಡಿನಲ್ಲಿ ಮರದ ತೇವಾಂಶ ಶೇ. 16ರ ಹತ್ತಿರವೇ ನಿಲ್ಲುತ್ತದೆ. ಬಿಲ್ಲಿಗೆ ಬೇಕಾದದ್ದು ಶೇ. 8ರಿಂದ 10. ಹೆಚ್ಚು ತೇವವಿದ್ದರೆ ಬಿಲ್ಲು ಬಾಗಿದಂತೆಯೇ ಉಳಿದುಬಿಡುತ್ತದೆ, ಶೇ. 6ಕ್ಕಿಂತ ಕಡಿಮೆಯಾದರೆ ಪೆಡಸಾಗಿ ಮುರಿಯುವ ಭಯ.

ಕೊನೆಯ ಹಂತಕ್ಕೆ ಮಾತ್ರ ಸೀಳು ಮನೆಯೊಳಗೆ ಬರಲಿ, ಅದೂ ಮೊದಲು ತಣ್ಣನೆಯ ಕೋಣೆಯಲ್ಲಿ ಎರಡು ವಾರ ಕಳೆದು. ಬಿಲ್ಲಿನ ಆಕಾರಕ್ಕೆ ಒರಟಾಗಿ ಕೆತ್ತಿ ನೇರ ಹಲಗೆಗೆ ಬಿಗಿದಿಟ್ಟರೆ ತಿರುಚುವುದಿಲ್ಲ, ಬೇಗ ಒಣಗುತ್ತದೆ. ಸುಮಾರು 20 ಡಿಗ್ರಿ ಉಷ್ಣತೆ ಮತ್ತು ಶೇ. 50ರ ಆರ್ದ್ರತೆಯಲ್ಲಿ ಮರ ಶೇ. 9ರ ಬಳಿ ನೆಲೆಗೊಳ್ಳುತ್ತದೆ. ಪೆನ್ಸಿಲಿನ ಕೊನೆಯ ಮೂರು ಅಂಕಿಗಳು ಒಂದೇ ಆಗುವವರೆಗೆ ಬಳಿದ ತುದಿಗಳನ್ನು ಕತ್ತರಿಸಬೇಡಿ.