ಚಂಡೆಯ ಪೆಟ್ಟಿಗೆ ಬೆಚ್ಚದ ಫೋನು: ಆಟ ರೆಕಾರ್ಡ್ ಮಾಡುವವರಿಗೆ

ಶಿರಸಿಯಲ್ಲಿ ನನ್ನದು ಮೊಬೈಲ್ ಬಿಡಿಭಾಗಗಳ ಅಂಗಡಿ. ಕವರು, ಸ್ಕ್ರೀನ್ ಗಾರ್ಡು, ಚಾರ್ಜರು, ಇಯರ್‌ಫೋನು ಮಾರುತ್ತೇನೆ. ದೀಪಾವಳಿ ಕಳೆದು ಯಕ್ಷಗಾನದ ಮೇಳಗಳು ಆಟ ಆಡಲು ತಿರುಗಾಟಕ್ಕೆ ಹೊರಟವೆಂದರೆ ಗಿರಾಕಿಗಳ ಪ್ರಶ್ನೆಯೂ ಬದಲಾಗುತ್ತದೆ. "ಭಾವ, ಆಟ ರೆಕಾರ್ಡ್ ಮಾಡಬೇಕು, ಯಾವ ಫೋನು ತೆಗೆದುಕೊಳ್ಳಲಿ?" ಎಂದು ಕೇಳುವವರಿಗೆ ನನ್ನ ಉತ್ತರ ವ್ಯಾಪಾರಕ್ಕೆ ಒಳ್ಳೆಯದಲ್ಲ: ಕೈಯಲ್ಲಿರುವ ಫೋನೇ ಸಾಕು, ಅದರ ಅತಿಬುದ್ಧಿಯನ್ನು ಬಂದ್ ಮಾಡಿದರೆ ಆಯಿತು. ಮೆಗಾಪಿಕ್ಸೆಲ್ ಲೆಕ್ಕ ಹಾಕಿ ಹೊಸ ಫೋನು ಕೊಂಡವರ ವಿಡಿಯೋಗಳನ್ನು ಕೇಳಿದ್ದೇನೆ. ಕಿರೀಟದ ಹರಳು ಎಣಿಸುವಷ್ಟು ಚಿತ್ರ ಸ್ಪಷ್ಟ, ಹಾಡುವ ಭಾಗವತರ ಪದ್ಯ ಮಾತ್ರ ಚಂಡೆ ಬಿದ್ದಾಗಲೆಲ್ಲ ಬಾವಿಗೆ ಬಿದ್ದ ಹಾಗೆ. ಆಟಕ್ಕೆ ಮೊದಲು ಧ್ವನಿ, ಆಮೇಲೆ ಚಿತ್ರ. ಕಣ್ಣು ಮುಚ್ಚಿ ಕೇಳಲಾಗದ ರೆಕಾರ್ಡಿಂಗನ್ನು ಯಾರೂ ಎರಡನೆಯ ಸಲ ಹಾಕುವುದಿಲ್ಲ.

ತೊಂದರೆಯ ಮೂಲ ಇಷ್ಟೇ. ಫೋನಿನ ಮೈಕನ್ನು ಮಾತಿಗಾಗಿ ಸಜ್ಜುಗೊಳಿಸಿರುತ್ತಾರೆ. ದೊಡ್ಡ ಶಬ್ದ ಬಂದರೆ ಫೋನು ತಾನಾಗಿಯೇ ಗ್ರಹಣಶಕ್ತಿಯನ್ನು ತಗ್ಗಿಸುತ್ತದೆ, ಸದ್ದು ಇಳಿದ ಮೇಲೆ ನಿಧಾನವಾಗಿ ಏರಿಸುತ್ತದೆ. ಇದಕ್ಕೆ ಆಟೋ ಗೇನ್ ಎನ್ನುತ್ತಾರೆ. ವೇಗದ ಏರುಪದ್ಯದಲ್ಲಿ ಚಂಡೆ ಬಿಡುವಿಲ್ಲದೆ ಪೆಟ್ಟು ಕೊಡುವಾಗ ಅದಕ್ಕೆ ಏರಿಸಲು ಪುರುಸೊತ್ತೇ ಸಿಗುವುದಿಲ್ಲ. ಎರಡನೆಯದು ಗದ್ದಲ ತಗ್ಗಿಸುವ ವ್ಯವಸ್ಥೆ. ಅದು ಒಂದೇ ಸಮನೆ ಕೇಳುವ ಸದ್ದನ್ನೆಲ್ಲ ಫ್ಯಾನಿನ ಸದ್ದು ಎಂದು ತಿಳಿದು ಅಳಿಸುತ್ತದೆ. ಆಟದಲ್ಲಿ ಒಂದೇ ಸಮನೆ ಕೇಳುವುದು ಯಾವುದು? ಶ್ರುತಿ. ಹಾರ್ಮೋನಿಯಂ ಶ್ರುತಿಯನ್ನೇ ಕಸವೆಂದು ಗುಡಿಸಿಹಾಕುವ ಯಂತ್ರದ ಮುಂದೆ ಭಾಗವತರು ಎಷ್ಟು ಚೆನ್ನಾಗಿ ಹಾಡಿ ಏನು ಪ್ರಯೋಜನ?

ನಿಮ್ಮ ಫೋನು ಹೀಗೆ ಮಾಡುತ್ತದೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು. ರೆಕಾರ್ಡರ್ ಹಾಕಿ ಮೆಲುದನಿಯಲ್ಲಿ ಮಾತನಾಡುತ್ತ ಇರಿ. ನಡುವೆ ಸ್ಟೀಲ್ ತಟ್ಟೆಯ ಮೇಲೆ ಸೌಟಿನಿಂದ ಜೋರಾಗಿ ಒಂದು ಬಾರಿಸಿ, ಮಾತು ನಿಲ್ಲಿಸಬೇಡಿ. ಆಮೇಲೆ ಕೇಳಿ: ಪೆಟ್ಟಿನ ಹಿಂದೆಯೇ ನಿಮ್ಮ ಮಾತು ಕುಗ್ಗಿ, ತುಸು ಹೊತ್ತಿನ ಬಳಿಕ ಮತ್ತೆ ಮೇಲೆದ್ದರೆ ಆಟೋ ಗೇನ್ ಕೆಲಸ ಮಾಡುತ್ತಿದೆ. ಇನ್ನೊಂದು ಫೋನಿನಲ್ಲಿ ತಂಬೂರಿಯ ಆ್ಯಪ್ ಹಾಕಿ ಎರಡು ನಿಮಿಷ ರೆಕಾರ್ಡ್ ಮಾಡಿ. ಆರಂಭದಲ್ಲಿ ತುಂಬಿ ಕೇಳಿದ ಶ್ರುತಿ ಬರಬರುತ್ತ ಸವೆದರೆ ಎರಡನೆಯ ರೋಗವೂ ಇದೆ. ಪ್ರಸಿದ್ಧ ಭಾಗವತರ ಆಟಕ್ಕೆ ಹೋಗಿ ಇದನ್ನು ಕಂಡುಕೊಳ್ಳುವುದಕ್ಕಿಂತ ಅಡುಗೆಮನೆಯಲ್ಲಿ ಕಂಡುಕೊಳ್ಳುವುದು ಲೇಸು. ಮನೆಯವರು ಏನಾದರೂ ಅಂದುಕೊಳ್ಳಲಿ.

ಆಂಡ್ರಾಯ್ಡ್ ಫೋನಿನಲ್ಲಿ ಇದಕ್ಕೆ ಮದ್ದು ಓಪನ್ ಕ್ಯಾಮೆರಾ ಎಂಬ ಆ್ಯಪ್. ಉಚಿತ, ಮುಕ್ತ ತಂತ್ರಾಂಶ. ಅದರ ಸೆಟ್ಟಿಂಗ್‌ನಲ್ಲಿ ವಿಡಿಯೋ ವಿಭಾಗಕ್ಕೆ ಹೋದರೆ ಆಡಿಯೋ ಸೋರ್ಸ್ ಎಂಬ ಆಯ್ಕೆ ಸಿಗುತ್ತದೆ. ಅಲ್ಲಿ ಅನ್‌ಪ್ರೊಸೆಸ್ಡ್ ಎಂಬುದನ್ನು ಆರಿಸಿ. ಮೈಕಿಗೆ ಬಿದ್ದದ್ದನ್ನು ತಿದ್ದದೆ ಕೊಡುವ ಈ ಸೌಲಭ್ಯ 2016ರ ಆಂಡ್ರಾಯ್ಡ್ 7ರಿಂದ ಇದೆ. ಆದರೆ ಎಲ್ಲ ಕಂಪನಿಗಳೂ ಅದನ್ನು ತಮ್ಮ ಫೋನಿನಲ್ಲಿ ಕೊಟ್ಟಿಲ್ಲ. ಕೊಡದಿದ್ದರೆ ವಾಯ್ಸ್ ರೆಕಗ್ನಿಷನ್ ಎಂಬುದನ್ನು ಆರಿಸಿ. ಹೆಸರು ಕೇಳಿದರೆ ಮಾತಿಗೆ ಮಾತ್ರ ಎನಿಸುತ್ತದೆ, ಆದರೆ ಮಾತನ್ನು ಅಕ್ಷರಕ್ಕೆ ಇಳಿಸುವ ಯಂತ್ರಕ್ಕೆ ತಿದ್ದದ ಧ್ವನಿಯೇ ಬೇಕು. ಹಾಗಾಗಿ ಆ ದಾರಿಯಲ್ಲಿ ಆಟೋ ಗೇನ್ ಮತ್ತು ಗದ್ದಲ ತಗ್ಗಿಸುವಿಕೆ ಎರಡೂ ಇರಬಾರದು ಎಂದು ಆಂಡ್ರಾಯ್ಡ್‌ನ ನಿಯಮಗಳೇ ಹೇಳುತ್ತವೆ. ಬದಲಾಯಿಸಿದ ಮೇಲೆ ತಟ್ಟೆಯ ಪರೀಕ್ಷೆಯನ್ನು ಮತ್ತೆ ಮಾಡಿ, ವ್ಯತ್ಯಾಸ ಕೂಡಲೇ ಕಿವಿಗೆ ಬೀಳುತ್ತದೆ. ಐಫೋನ್ ಇದ್ದವರು ವಾಯ್ಸ್ ಮೆಮೋಸ್‌ನ ಸೆಟ್ಟಿಂಗ್‌ನಲ್ಲಿ ಲಾಸ್‌ಲೆಸ್ ಆರಿಸಿದರೆ ಧ್ವನಿಯನ್ನು ಹಿಂಡದೆ ಉಳಿಸಿಕೊಳ್ಳಬಹುದು.

ಬರೀ ಧ್ವನಿಯ ರೆಕಾರ್ಡರ್ ಆ್ಯಪ್ ಬಳಸುವುದಾದರೆ ಮೂರು ವಿಷಯ ನೋಡಿ: ಗೇನ್ ಅನ್ನು ಕೈಯಿಂದ ಹೊಂದಿಸಲು ಬರಬೇಕು, ಮಟ್ಟ ತೋರಿಸುವ ಮೀಟರ್ ಇರಬೇಕು, ವೇವ್ ಕಡತವಾಗಿ ಉಳಿಸಬೇಕು. ಮಟ್ಟವನ್ನು ಪೀಠಿಕೆಯ ಚಂಡೆಗೆ ಹೊಂದಿಸಿ, ಭಾಗವತರ ದನಿಗಲ್ಲ. ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ ಹನ್ನೆರಡು ಡೆಸಿಬಲ್ ಹತ್ತಿರ ನಿಲ್ಲಲಿ. ನಡುರಾತ್ರಿಯ ಬಳಿಕ ರಾಕ್ಷಸ ಪಾತ್ರದ ಬಣ್ಣದ ವೇಷ ಬಂದಾಗ ಚಂಡೆ ಇನ್ನೂ ಏರುತ್ತದೆ, ಆಗ ಮೇಲಿನ ಜಾಗ ಬೇಕಾಗುತ್ತದೆ. ಮೆಲುವಾಗಿ ಬಂದದ್ದನ್ನು ಆಮೇಲೆ ಏರಿಸಬಹುದು. ತಲೆ ಒಡೆದುಹೋದ ಧ್ವನಿಯನ್ನು ಯಾವ ಕಂಪ್ಯೂಟರೂ ಸರಿಮಾಡದು.

ಇನ್ನು ಮೈಕು. ನನ್ನ ಅಂಗಡಿಯಲ್ಲಿ ಹೆಚ್ಚು ಖರ್ಚಾಗುವುದು ಅಂಗಿಗೆ ಸಿಕ್ಕಿಸುವ ಅಗ್ಗದ ವೈರ್‌ಲೆಸ್ ಕಾಲರ್ ಮೈಕು. ಆಟಕ್ಕೆ ಅದನ್ನು ಕೇಳಿದರೆ ನಾನು ಕೊಡುವುದಿಲ್ಲ. ಒಬ್ಬನ ಮಾತಿಗೆ ಮಾಡಿದ ಸಾಧನ ಅದು, ಗದ್ದಲ ತಗ್ಗಿಸುವ ಚಿಪ್ಪನ್ನು ಒಳಗೇ ಇಟ್ಟುಕೊಂಡಿರುತ್ತದೆ. ಬ್ಲೂಟೂತ್ ಇಯರ್‌ಫೋನಿನ ಮೈಕಂತೂ ಬೇಡವೇ ಬೇಡ. ಕರೆಯ ಗುಣಮಟ್ಟದಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ ಧ್ವನಿಯ 8,000 ಅಥವಾ 16,000 ಮಾದರಿಗಳನ್ನಷ್ಟೇ (ಸ್ಯಾಂಪಲ್) ಕಳಿಸುತ್ತದೆ. ಚಂಡೆಯ ಚರ್ಮದ ಕರಕರ, ತಾಳದ ಕೊನೆಯ ಝೇಂಕಾರ, ಗೆಜ್ಜೆ ಇವುಗಳ ಬಹುಪಾಲು ಅದರಲ್ಲಿ ಕಳೆದುಹೋಗುತ್ತದೆ. ವೈರಿನ ಸ್ಟೀರಿಯೋ ಮೈಕ್ ತೆಗೆದುಕೊಳ್ಳಿ, ಟೈಪ್-ಸಿ ಆದರೆ ನೇರವಾಗಿ ಸೇರುತ್ತದೆ.

ಇಯರ್‌ಫೋನ್ ತೂತಿರುವ ಹಳೆಯ ಫೋನಾದರೆ ಮೈಕಿನ ಪಿನ್ನನ್ನು ಹತ್ತಿರ ಹಿಡಿದು ನೋಡಿ. ಲೋಹದ ಮೇಲೆ ಎರಡೇ ಕಪ್ಪು ಗೆರೆ ಇದ್ದರೆ ಅದು ಕ್ಯಾಮೆರಾದ ಮೈಕು, ಫೋನಿಗೆ ನೇರ ಹಾಕಿದರೆ ಫೋನು ಅದನ್ನು ಗುರುತಿಸದೆ ತನ್ನ ಮೈಕಿನಲ್ಲೇ ರೆಕಾರ್ಡ್ ಮಾಡುತ್ತ ಇರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಮೂರು ಗೆರೆ ಇರಬೇಕು, ಇಲ್ಲವಾದರೆ ನಡುವೆ ಸಣ್ಣ ಅಡಾಪ್ಟರ್ ಬೇಕು. ಕೇಳುತ್ತಿರುವುದು ಯಾವ ಮೈಕು ಎಂದು ತಿಳಿಯಲು ಹೊರಗಿನ ಮೈಕಿನ ತಲೆಯನ್ನು ಉಗುರಿನಿಂದ ಕೆರೆಯಿರಿ, ಮೀಟರ್ ಜಿಗಿಯಬೇಕು.

ಅಂದ ಹಾಗೆ, ಸ್ಕ್ರೀನ್ ಒಡೆದು ಕಪಾಟಿನಲ್ಲಿ ಬಿದ್ದಿರುವ ಹಳೆಯ ಫೋನನ್ನು ಎಸೆಯಬೇಡಿ. ಅದಕ್ಕೆ ಲಿನೇಜ್ ಓಎಸ್ ಎಂಬ ಮುಕ್ತ ಆಂಡ್ರಾಯ್ಡ್ ರೂಪವನ್ನು ಹಾಕಿ, ಬೇಡದ ಆ್ಯಪ್‌ಗಳನ್ನೆಲ್ಲ ಕಿತ್ತು, ಧ್ವನಿಗಷ್ಟೇ ಮೀಸಲಿಟ್ಟ ಕಾಲೇಜು ಹುಡುಗರು ನಮ್ಮೂರಲ್ಲಿದ್ದಾರೆ. ಹೊಸ ಫೋನು ಚಿತ್ರಕ್ಕೆ, ಹಳೆಯದು ಧ್ವನಿಗೆ, ಆಮೇಲೆ ಎರಡನ್ನೂ ಹೊಂದಿಸಿಕೊಳ್ಳುವುದು. ಒಟ್ಟಿಗೆ ಶುರುಮಾಡಿ ಒಂದು ಚಪ್ಪಾಳೆ ತಟ್ಟಿದರೆ ಸಾಕು, ಎಲ್ಲಿ ಜೋಡಿಸಬೇಕೆಂಬ ಗುರುತು ಸಿಕ್ಕಿತು.

"ಸೌಂಡ್ ಸಿಸ್ಟಮ್‌ನವರ ಮಿಕ್ಸರಿನಿಂದಲೇ ವೈರ್ ಎಳೆದರೆ ಆಗದೇ?" ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಎರಡು ತೊಡಕು. ಮಿಕ್ಸರಿನ ಲೈನ್ ಔಟ್ ಫೋನಿನ ಮೈಕ್ ದಾರಿಗೆ ವಿಪರೀತ ಜೋರು, ನಡುವೆ ಶಕ್ತಿ ತಗ್ಗಿಸುವ ಕೇಬಲ್ಲೋ ಲೈನ್ ಇನ್ ಇರುವ ಯುಎಸ್‌ಬಿ ಸಾಧನವೋ ಬೇಕು. ಎರಡನೆಯದು ಇದಕ್ಕಿಂತ ಮುಖ್ಯ: ಮಿಕ್ಸರಿನಲ್ಲಿ ಇರುವುದು ಮೈಕಿಗೆ ಬಿದ್ದದ್ದು ಮಾತ್ರ. ಚಂಡೆ ಮೈಕಿಲ್ಲದೆಯೇ ಊರಿಗೆಲ್ಲ ಕೇಳುವ ವಾದ್ಯ, ಹಾಗಾಗಿ ಅಲ್ಲಿ ಅದು ಸಣಕಲಾಗಿರುತ್ತದೆ. ಗೆಜ್ಜೆ ಇಲ್ಲ, ಜನರ ನಗೆ ಇಲ್ಲ, ಹಾಸ್ಯಗಾರ ಬಂದಾಗ ಹಿಂದಿನ ಸಾಲಿನಿಂದ ಬೀಳುವ ಮಾತೂ ಇಲ್ಲ. ನನಗೆ ಅಂಥ ರೆಕಾರ್ಡಿಂಗ್ ಉಪ್ಪಿಲ್ಲದ ಊಟ.

ಜಾಗದ ವಿಷಯದಲ್ಲಿ ನಾನು ಹಟಮಾರಿ. ರಂಗಸ್ಥಳದ ಎದುರು ಮಧ್ಯದಲ್ಲಿ, ಹದಿನೈದು ಇಪ್ಪತ್ತು ಅಡಿ ದೂರ, ಎರಡೂ ಬದಿಯ ಧ್ವನಿವರ್ಧಕಗಳಿಗೆ ಸಮನಾಗಿ. ನಮ್ಮ ಕಡೆಯ ಬಡಗುತಿಟ್ಟು ಶೈಲಿಯ ಆಟದಲ್ಲಿ ಹಿಮ್ಮೇಳ (ಹಾಡುವವರು, ಬಾರಿಸುವವರು) ಕುಳಿತುಕೊಳ್ಳುವುದು ರಂಗಸ್ಥಳದ ಹಿಂಭಾಗದಲ್ಲಿ, ಆದ್ದರಿಂದ ಮಧ್ಯದಿಂದ ಕೇಳಿದರೆ ಭಾಗವತ, ಮದ್ದಲೆ, ಚಂಡೆ ಮೂರೂ ಹದವಾಗಿ ಕೇಳುತ್ತವೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು ಆರು ಡೆಸಿಬಲ್ ಇಳಿಯುತ್ತದೆ, ಚಂಡೆ ಅತಿಯಾದರೆ ಹಿಂದಕ್ಕೆ ಸರಿಯುವುದೇ ಮೊದಲ ಉಪಾಯ. ಫೋನನ್ನು ಒಂದೇ ಧ್ವನಿವರ್ಧಕದ ಬಾಯಿಗೆ ಇಟ್ಟವರು ಆಟವನ್ನಲ್ಲ, ಡಬ್ಬಿಯನ್ನು ರೆಕಾರ್ಡ್ ಮಾಡಿದ ಹಾಗೆ. ಕಂಬಕ್ಕೆ ಕಚ್ಚಿಕೊಳ್ಳುವ ಕ್ಲ್ಯಾಂಪ್ ಇದ್ದರೆ ಟ್ರೈಪಾಡಿಗಿಂತ ಒಳ್ಳೆಯದು: ಹಿಂದೆ ಚಾಪೆ ಹಾಸಿ ಕುಳಿತ ಅಜ್ಜಿಗೆ ಮರೆಯಾಗುವುದಿಲ್ಲ, ನಿದ್ದೆಗಣ್ಣಿನ ಮಕ್ಕಳು ಎಡವುವುದೂ ಇಲ್ಲ. ಹೊನ್ನಾವರ, ಕುಮಟಾ ಕಡೆಯ ಗದ್ದೆಬಯಲಿನ ಆಟವಾದರೆ ಕಡಲ ಗಾಳಿ ಮೈಕಿಗೆ ಬಡಿದು ಗುಡುಗಿನಂತೆ ಕೇಳುತ್ತದೆ, ಸ್ಪಂಜಿನ ಟೋಪಿ ಹಾಕಿ. ಘಟ್ಟದ ಮೇಲೆ ತೊಂದರೆ ಇಬ್ಬನಿಯದು. ಮೂರು ಗಂಟೆಯ ಹೊತ್ತಿಗೆ ಲೆನ್ಸ್ ಮಂಜಾಗುತ್ತದೆ, ಹತ್ತಿಬಟ್ಟೆಯ ತುಂಡು ಕಿಸೆಯಲ್ಲಿರಲಿ.

ಹೊರಡುವ ಮುನ್ನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಏಕೆಂದರೆ ಕರೆ ಬಂದರೆ ಎಷ್ಟೋ ಫೋನುಗಳಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತದೆ. ರೆಕಾರ್ಡರ್ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ಇಲ್ಲದಿದ್ದರೆ ಸ್ಕ್ರೀನ್ ಆರಿದ ಮೇಲೆ ಫೋನೇ ಅದನ್ನು ಮುಚ್ಚಿಬಿಡಬಹುದು. ಚಾರ್ಜಿಗೆ ಜನರೇಟರಿನ ಪ್ಲಗ್ಗಿಗಿಂತ ಪವರ್ ಬ್ಯಾಂಕ್ ಮೇಲು, ಗುಂಯ್‌ಗುಟ್ಟುವ ಸದ್ದು ಧ್ವನಿಯೊಳಗೆ ಸೇರುವುದಿಲ್ಲ. ಪವರ್ ಬ್ಯಾಂಕ್ ಕೊಳ್ಳುವಾಗ ಅದರ ಮೈಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಮೇಲೆ 10,000 ಎಂಎಎಚ್ ಎಂದು ಬರೆದಿದ್ದರೂ ಫೋನಿಗೆ ತಲುಪುವುದು ಅದರ ಮೂರನೇ ಎರಡು ಪಾಲಿನ ಆಸುಪಾಸು. ಒಳಗಿನ ಸೆಲ್ಲಿನ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವುದರಲ್ಲೇ ಉಳಿದದ್ದು ಕಳೆಯುತ್ತದೆ.

ಜಾಗದ ಲೆಕ್ಕ: 48 ಕಿಲೋಹರ್ಟ್ಸ್, 24 ಬಿಟ್‌ನ ಸ್ಟೀರಿಯೋ ವೇವ್ ಗಂಟೆಗೆ ಒಂದು ಜಿಬಿ ಚಿಲ್ಲರೆ ತಿನ್ನುತ್ತದೆ. ಫುಲ್ ಎಚ್‌ಡಿ ವಿಡಿಯೋ ಗಂಟೆಗೆ ಏಳೆಂಟು ಜಿಬಿ. ವೇವ್ ಕಡತ 4 ಜಿಬಿ ಮೀರುವಂತಿಲ್ಲ, ಅಂದರೆ ನಾಲ್ಕು ಗಂಟೆಯ ಹೊತ್ತಿಗೆ ಅದರ ಹೊಟ್ಟೆ ತುಂಬಿತು. ಇಡೀ ರಾತ್ರಿಯ ಆಟವನ್ನು ಒಂದೇ ಎಳೆಯಲ್ಲಿ ಹಿಡಿಯಲು ಹೋಗಬೇಡಿ. ಕಡತದ ವಿವರಗಳನ್ನು ಫೋನು ಬರೆಯುವುದು ನಿಲ್ಲಿಸುವ ಗುಂಡಿ ಒತ್ತಿದಾಗ. ಅದಕ್ಕೆ ಮುಂಚೆ ಬ್ಯಾಟರಿ ಸತ್ತರೆ ವಿಡಿಯೋ ಕಡತ ತೆರೆಯುವುದೇ ಇಲ್ಲ. ಪ್ರಸಂಗ ಬದಲಾಗುವಾಗ, ಹರಾಜು ನಡೆಯುವಾಗ, ಸನ್ಮಾನದ ಭಾಷಣ ಶುರುವಾದಾಗ ನಿಲ್ಲಿಸಿ ಮತ್ತೆ ಶುರುಮಾಡಿ. ಸನ್ಮಾನವನ್ನು ಬಿಟ್ಟರೂ ನಷ್ಟವಿಲ್ಲ.

ಚಿತ್ರದ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ 1/50ಕ್ಕೆ ಇಟ್ಟರೆ ಚಿತ್ರದ ಮೇಲೆ ಹರಿಯುವ ಕಪ್ಪು ಪಟ್ಟಿಗಳು ಮಾಯ. ವೇಷದ ಮುಖದ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಬಿಗಿಮಾಡಿ, ಬೆಳಕನ್ನು ತುಸು ಇಳಿಸಿ. ಹಿಂದಿನ ಕಪ್ಪು ಕತ್ತಲೆಯನ್ನು ನೋಡಿ ಫೋನು ಬೆಳಕು ಏರಿಸುತ್ತ ಹೋದರೆ ಬಣ್ಣ ಬಳಿದ ಮುಖ ಸುಣ್ಣವಾಗುತ್ತದೆ. ಜೂಮ್ ಬೇಡ. ರಾತ್ರಿ ಬೆಳಕಿನಲ್ಲಿ ಎಷ್ಟೋ ಫೋನುಗಳು ಜೂಮ್ ಲೆನ್ಸನ್ನು ಬಿಟ್ಟು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತವೆ.

ಇದೆಲ್ಲವನ್ನೂ ಮೊದಲು ಮಳೆಗಾಲದ ತಾಳಮದ್ದಲೆಯಲ್ಲಿ ಕಲಿತುಕೊಳ್ಳುವುದು ಒಳ್ಳೆಯದು. ಕುಣಿತವಿಲ್ಲ, ಬೆಳಕಿನ ತಂಟೆಯಿಲ್ಲ, ಮಾತನಾಡುವ ಅರ್ಥಧಾರಿಗಳು ಕುಳಿತಲ್ಲೇ ಇರುತ್ತಾರೆ. ತಗಡಿನ ಮಾಡಾದರೆ ಮಳೆ ಹೊಯ್ಯುವಾಗ ಫೋನನ್ನು ಹಿಮ್ಮೇಳಕ್ಕೆ ಇನ್ನಷ್ಟು ಹತ್ತಿರ ಇಡಬೇಕಾಗುತ್ತದೆ, ಅಷ್ಟೇ.

ಯಾವ ಆಟವಾದರೂ ಒಪ್ಪಿಗೆ ಕೇಳದೆ ಶುರುಮಾಡಬೇಡಿ. ಚೌಕಿಯಲ್ಲಿ ಎಲ್ಲರೂ ಬಣ್ಣಕ್ಕೆ ಕೂರುವ ಮೊದಲೇ ಹೋಗಿ ಮೇಳದ ಯಜಮಾನರನ್ನೂ ಭಾಗವತರನ್ನೂ ಕಾಣಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೆಯ ಕಲಮು ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕೊಟ್ಟಿದೆ. ಸ್ವಂತಕ್ಕೆ ಕೇಳಲು, ಕಲಿಯಲು ರೆಕಾರ್ಡ್ ಮಾಡುವುದಕ್ಕೆ 39ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಅದನ್ನು ಚಾನೆಲ್ಲಿಗೆ ಏರಿಸಿ ಜಾಹೀರಾತಿನ ದುಡ್ಡು ಎಣಿಸುವುದು ಬೇರೆ ಮಾತು. ಟಿಕೆಟ್ ಮಾರಿ ಬದುಕುವ ಮೇಳದ ಹೊಸ ಪ್ರಸಂಗವನ್ನು ಮರುದಿನವೇ ಚಾನೆಲ್ಲಿಗೆ ಹಾಕುವವರ ಬಗ್ಗೆ ನನಗೆ ಗೌರವವಿಲ್ಲ.

ಮನೆಗೆ ಬಂದ ಮೇಲೆ ಮಲಗುವ ಮುನ್ನ ಕಡತಗಳಿಗೆ ಹೆಸರಿಡಿ: ಮೊದಲು ಇಸವಿ, ತಿಂಗಳು, ತಾರೀಖು, ಆಮೇಲೆ ಊರು, ಪ್ರಸಂಗ, ಭಾಗವತರು. ಹೀಗೆ ಬರೆದರೆ ಪಟ್ಟಿ ತಾನಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ಮೂಲವನ್ನು ಫ್ಲಾಕ್ ಎಂಬ ಧ್ವನಿ ಫಾರ್ಮ್ಯಾಟಿಗೆ ಬದಲಾಯಿಸಿ ಇಟ್ಟುಕೊಳ್ಳಿ, ಗುಣ ಒಂದಿಷ್ಟೂ ಕೆಡದೆ ಗಾತ್ರ ಸಾಕಷ್ಟು ಇಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ಹಿಂಡಿಹಾಕುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ 2 ಜಿಬಿವರೆಗೆ ಇದ್ದ ಹಾಗೇ ಹೋಗುತ್ತದೆ. ಒಂದು ಪ್ರತಿ ಭಾಗವತರಿಗೆ ಕೊಡಲೇಬೇಕು. ಆದರೆ ಅವರು ಕೇಳುವುದು ಕಾರಿನಲ್ಲಿ, ಹಳೆಯ ಕಾರಿನ ಸ್ಟೀರಿಯೋಗಳಿಗೆ ಫ್ಲಾಕ್ ಗೊತ್ತಿಲ್ಲ. ಅವರ ಪ್ರತಿಯನ್ನು 320 ಕೆಬಿಪಿಎಸ್ ಎಂಪಿ3 ಮಾಡಿ, ಒಂದೊಂದು ಪದ್ಯಕ್ಕೆ ಒಂದೊಂದು ಕಡತವಾಗಿ ಕತ್ತರಿಸಿ, ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವಿಗೆ ಹಾಕಿ. ಕಡತದ ಹೆಸರನ್ನು ಕನ್ನಡದಲ್ಲಿ ಬರೆದರೆ ಅಂಥ ಸ್ಟೀರಿಯೋಗಳು ಬರೀ ಚೌಕ ತೋರಿಸುತ್ತವೆ, ಹೆಸರಿನ ಮುಂದೆ ಕ್ರಮಸಂಖ್ಯೆ ಹಾಕಿಕೊಡಿ.